ಬರ್ತೇನಿ ಅಂದ ಮೇಲೆ

ಸಾವಿನ ಮನೆಯಿಂದ ಹೊರಡುವಾಗ ನಮ್ಮ ಕಡೆ ಯಾರೂ ಹೇಳಿ ಹೊರಡುವುದಿಲ್ಲ. ಸುಮ್ಮನೆ ಎದ್ದು, ಚಪ್ಪಲಿ ಮೆಟ್ಟಿ, ಹಿಂದೆ ತಿರುಗಿ ನೋಡದೆ ಹೋಗಿಬಿಡಬೇಕು. 'ಬರ್ತೇನಿ' ಅಂದರೆ ಇಂಥದೇ ಕಾರಣಕ್ಕೆ ಇನ್ನೊಮ್ಮೆ ಬರುವಂತಾಗಲಿ ಅಂದ ಹಾಗೆ. ಸಣ್ಣ ಹುಡುಗರಿಗೂ ಗೊತ್ತಿರುವ ಮಾತಿದು. ನನಗೂ ಗೊತ್ತು. ಆದರೂ ಹಳಿಯಾಳದಲ್ಲಿ ನಮ್ಮ ಅಕ್ಕೋರು ತೀರಿಕೊಂಡ ದಿನ, ಮಣ್ಣು ಮುಗಿದ ಮೇಲೆ, ಹೊಸ್ತಿಲ ಹತ್ತಿರ ನಿಂತು ನಾನು "ಬರ್ತೇನ್ರಿ" ಅಂದುಬಿಟ್ಟೆ.

ಒಳಗೆ ಕೂತಿದ್ದ ಹಿರಿಯ ಹೆಂಗಸೊಬ್ಬರು ತಟ್ಟನೆ ತಲೆ ಎತ್ತಿದರು. "ಏನವಾ, ಕಲತಾಕಿ ಅದಿ. ಇಂಥ ಮನ್ಯಾಗ ಬರ್ತೇನಿ ಅಂತಾರೇನು? ಹೇಳದನ ಹೋಗಬೇಕ."

ನಾನು ನಾಲಿಗೆ ಕಚ್ಚಿಕೊಂಡೆ. ಗೋಡೆಗೆ ಒರಗಿ ಕೂತಿದ್ದ ವೈನಿ, ಅಂದರೆ ಅಕ್ಕೋರ ತಮ್ಮನ ಹೆಂಡತಿ, ಸೆರಗಿನಿಂದ ಕಣ್ಣು ಒರೆಸಿಕೊಂಡು ಅಂದರು: "ಅನ್ನಲಿ ಬಿಡ್ರಿ ಅತ್ತಿ. ನಮ್ಮಕ್ಕ ಆಕಿಗೆ ಕಲಿಸಿದ್ದ ಅದೊಂದು ಮಾತು."

ಅಕ್ಕೋರು ಅಂದರೆ ನಮ್ಮ ಕಡೆ ಶಾಲೆಯ ಟೀಚರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬದುಕಿದ್ದಾಗ ಒಮ್ಮೆಯೂ ಹೆಸರು ಹಿಡಿದು ಕರೆದವಳಲ್ಲ ನಾನು. ಸತ್ತ ಮೇಲೆ ಹೊಸದಾಗಿ ಯಾಕೆ.

ಮುಂಡಗೋಡದ ಹೈಸ್ಕೂಲಿನಲ್ಲಿ ಅವರು ನಮಗೆ ಸಮಾಜ ಕಲಿಸಿದರು. ನಾನು ಸಿದ್ದಿಯವಳು. ನಮ್ಮ ಹಿರಿಯರು ಯಾವುದೋ ಕಾಲಕ್ಕೆ ಆಫ್ರಿಕಾದಿಂದ ಬಂದವರು ಅಂತ ಪುಸ್ತಕದಲ್ಲಿದೆ. ಮನೆಯಲ್ಲಿ ಅದನ್ನು ಯಾರೂ ಮಾತಾಡಿದ್ದಿಲ್ಲ. ನಮ್ಮಪ್ಪನಿಗೆ ಗೊತ್ತಿದ್ದ ದೂರದ ಊರು ಹುಬ್ಬಳ್ಳಿ. ಕಾಡಿನಂಚಿನ ನಮ್ಮ ಕೇರಿಯಿಂದ ಬಸ್ಸಿನ ರಸ್ತೆಗೆ ನಡೆದು ಬಂದು, ಬಸ್ಸು ಸಿಕ್ಕರೆ ಹತ್ತಿ, ಸಿಗದಿದ್ದರೆ ಮತ್ತೆ ನಡೆದು ಶಾಲೆ ಮುಟ್ಟುತ್ತಿದ್ದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಯಾರೂ ಕೇಳದಿದ್ದರೂ ಹೇಳುತ್ತೇನೆ.

ಎಂಟನೆಯ ತರಗತಿಯ ಮೊದಲ ವಾರ. ಹಿಂದಿನ ಬೆಂಚಿನ ಹುಡುಗಿ ನನ್ನ ಗುಂಗುರು ಕೂದಲಿಗೆ ಬೆರಳು ಹಾಕಿ ಎಳೆದು ನೋಡುತ್ತಿದ್ದಳು. ಎಳೆದು ಬಿಟ್ಟರೆ ಸುರುಳಿ ಮತ್ತೆ ತನ್ನ ಜಾಗಕ್ಕೆ ಹೋಗಿ ಕೂರುತ್ತದಲ್ಲ, ಅದು ಅವಳಿಗೆ ಮೋಜು. ಅಕ್ಕೋರು ಬೋರ್ಡಿನಿಂದ ತಿರುಗಿದರು. ಹೊಡೆಯುತ್ತಾರೆ ಅಂದುಕೊಂಡೆವು.

"ಮುಟ್ಟಬೇಕೇನ ಬೇ ನಿನಗ?" ಅಂದರು ಅವಳಿಗೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. "ಮುಟ್ಟಬೇಕಾದ್ರ ಆಕಿನ್ನ ಕೇಳು. ಹೂಂ ಅಂದ್ರ ಮುಟ್ಟು. ಒಲ್ಲೆ ಅಂದ್ರ ಕೈ ಮಡಚಿ ಕುಂದ್ರು. ಮಂದಿ ಮನಿಗೆ ಹೋಗುಮುಂದ ಬಾಗಿಲಾ ಬಡೀತಿಲ್ಲೋ?"

ಆ ಹುಡುಗಿ ಕೇಳಿದಳು. ನಾನು ಒಲ್ಲೆ ಅಂದೆ. ಜೀವನದಲ್ಲಿ ನಾನು ಗಟ್ಟಿಯಾಗಿ ಅಂದ ಮೊದಲ 'ಒಲ್ಲೆ' ಅದು. ಒಂದು ತಿಂಗಳಾದ ಮೇಲೆ ನಾನೇ ಕರೆದು ಮುಟ್ಟಿಸಿದೆ, ಆ ಮಾತು ಬೇರೆ.

ನಕಾಶೆಯನ್ನು ಅವರು ಗೋಡೆಗೆ ತೂಗುಹಾಕಿ ಕಲಿಸಿದವರಲ್ಲ. ಹಿಮಾಲಯದ ಪಾಠ ಬಂದಾಗ ನಮ್ಮನ್ನೆಲ್ಲ ಸಾಲಾಗಿ ಟಿಬೆಟಿಯನ್ ಕ್ಯಾಂಪಿಗೆ ನಡೆಸಿಕೊಂಡು ಹೋದರು. "ಹಿಮಾಲಯ ದಾಟಿ ಬಂದವರು ಇಲ್ಲೇ ಮಗ್ಗಲಕ್ಕ ಇರುವಾಗ ಪುಸ್ತಕ ಯಾಕ ಓದೂದು? ಹೋಗೂಣು ನಡೀರಿ." ಅಲ್ಲೊಬ್ಬ ಮುದುಕ ಮಣಿ ಎಣಿಸುತ್ತ ಬಿಸಿಲಿಗೆ ಕೂತಿದ್ದ. ನಮ್ಮಂತೆಯೇ ಕನ್ನಡ ಮಾತಾಡುತ್ತಿದ್ದ. ಹೇಗೆ ಬಂದಿರಿ ಅಂತ ಅಕ್ಕೋರು ಕೇಳಿದರು.

"ಮನಿಗೆ ಕೀಲಿ ಸೈತ ಹಾಕಿರಲಿಲ್ಲ ಬಾಯೋರ," ಅಂದ. "ಮಗ್ಗಲ ಮನಿಯವರಿಗೆ, ನಾಕು ದಿನ ಬಿಟ್ಟು ಬರ್ತೇವಿ ಅಂತ ಹೇಳಿ ಹೊಂಟಿದ್ವಿ."

ವಾಪಸ್ಸು ಬರುವ ದಾರಿಯುದ್ದ ಅಕ್ಕೋರು ಮಾತೇ ಆಡಲಿಲ್ಲ. ನಾವು ಹುಡುಗರು ಕಾಲು ನೋವೆಂದು ಗೊಣಗುತ್ತಿದ್ದೆವು.

ನಾನು ಹಳಿಯಾಳದಲ್ಲಿ ಬಿ.ಎ. ಓದುತ್ತಿದ್ದಾಗ ಅವರು ಸ್ವಯಂ ನಿವೃತ್ತಿ ತೆಗೆದುಕೊಂಡರು. ಗಂಡ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ತಮ್ಮನಿಗೆ ಹಳಿಯಾಳದ ಪೇಟೆಯಲ್ಲಿ ಕಾಳುಕಡಿಯ ವ್ಯಾಪಾರ. ಅವರ ಮನೆಯಲ್ಲಿ ಒಂದು ಕೋಣೆ ಇಟ್ಟುಕೊಂಡು, ಒಂದು ಬೆನ್ನುಚೀಲ ಕಟ್ಟಿಕೊಂಡು ಜಗತ್ತು ನೋಡಲು ಹೊರಟರು. ಕಾಶಿಗೆ ಹೋಗ್ತಾರೆ ಅಂತ ಮಂದಿ ತಿಳಿದುಕೊಂಡಿದ್ದರು. ಕಾಶಿ ದಾಟಿ ನೇಪಾಳ, ಅಲ್ಲಿಂದ ಮುಂದೆ ಎಲ್ಲೆಲ್ಲೋ ಹೋದವರು, ನಾನು ಪದವಿ ಮುಗಿಸಿ ಧಾರವಾಡದಲ್ಲಿ ಬಿ.ಎಡ್. ಸೇರುವವರೆಗೂ ಊರಿಗೆ ಬರಲಿಲ್ಲ.

ಹೊರಡುವ ಮುಂಚೆ ನಮ್ಮ ಕೇರಿಗೆ ಬಂದಿದ್ದರು. ನಮ್ಮ ಆಯಿ, ನನ್ನ ತಾಯಿ, ಹಳೆ ಸೀರೆ ತುಂಡುಗಳನ್ನು ಜೋಡಿಸಿ ಹೊಲಿದ ಸಣ್ಣ ಕೌದಿ ಕೊಟ್ಟಳು. ಸಿದ್ದಿ ಹೆಂಗಸರು ಹೊಲಿದ ಕೌದಿಯ ನಾಲ್ಕು ಮೂಲೆಗೂ ಬಟ್ಟೆಯ ಹೂ ಇರಲೇಬೇಕು. ಇಲ್ಲದಿದ್ದರೆ ಕೌದಿ ಬತ್ತಲೆ ಅಂತ ಲೆಕ್ಕ. ಆಯಿ ಹೂವನ್ನು ಎರಡೆರಡು ಸಲ ಹೊಲಿದು ಗಟ್ಟಿ ಮಾಡಿದ್ದಳು. ಅಕ್ಕೋರು ಅದನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, "ಬರ್ತೇನ ಯವ್ವಾ" ಅಂದರು. ಆಯಿ ತನ್ನ ಕೊಂಕಣಿಯಲ್ಲಿ "ಯೋ" ಅಂದಳು. ಬಾ ಅಂತ ಅರ್ಥ.

ನೋಡಿ, ನಮ್ಮ ಕಡೆ ಕನ್ನಡದವರು ಹೊರಡುವಾಗ ಬರ್ತೇನಿ ಅನ್ನುತ್ತಾರೆ. ಮರಾಠಿಯವರೂ ಬರ್ತೇನೆ ಅನ್ನುತ್ತಾರೆ. ಜೋಯಿಡಾ ಕಡೆಯ ಕೊಂಕಣಿಯವರೂ ಅದನ್ನೇ ಅನ್ನುತ್ತಾರೆ. ಹೋಗ್ತೇನಿ ಅಂತ ಯಾರ ಬಾಯಲ್ಲೂ ಬರುವುದಿಲ್ಲ, ಜಗಳಾಡಿ ಹೊರಟವರನ್ನು ಬಿಟ್ಟು. ಅಕ್ಕೋರು ಇದೇ ಮಾತನ್ನು ಕಟ್ಟಿಕೊಂಡು ಜಗತ್ತಿಗೆ ಹೋದರು. ಎಡವಟ್ಟಾದದ್ದೂ ಇಲ್ಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಬಂದಾಗಲೆಲ್ಲ ಕತೆ ಹೇಳುತ್ತಿದ್ದರು. ಕಟ್ಟಡ, ಗೋಪುರ, ಸಮುದ್ರ ಇವೆಲ್ಲ ಅವರ ಕತೆಯಲ್ಲಿ ಬರುತ್ತಿದ್ದುದು ಕಡಿಮೆ. ಯಾವ ದೇಶದ ಮಾತು ತೆಗೆದರೂ ಅಡುಗೆಮನೆಗೆ ಹೋಗಿ ಮುಟ್ಟುತ್ತಿದ್ದರು. "ಊರು ಹೆಂಗ ಐತಿ ಅಂತ ಗೊತ್ತಾಗಬೇಕಾದ್ರ ಒಲಿ ಮುಂದ ಕುಂದ್ರಬೇಕ. ಪಡಸಾಲ್ಯಾಗ ಕುಂತ್ರ ಫೋಟೋ ತೋರಿಸ್ತಾರ, ಅಷ್ಟ." ಯಾರ ಮನೆಯಲ್ಲಿ ಉಳಿದರೂ ಪಾತ್ರೆ ತಿಕ್ಕುತ್ತಿದ್ದರು, ಕಾಯಿಪಲ್ಯ ಹೆಚ್ಚುತ್ತಿದ್ದರು, ಮಕ್ಕಳಿಗೆ ಮಗ್ಗಿ ಕಲಿಸುತ್ತಿದ್ದರು. ಭಾಷೆ ಬಾರದೆ ಹೇಗೆ ಅಂತ ಕೇಳಿದರೆ, "ಭಾಷಾ ಬರಂಗಿಲ್ಲ ಅಂತ ಯಾರರೆ ಉಪಾಸ ಸತ್ತಾರೇನು? ಹಸಿವಿ ಅಂದ್ರ ಹೊಟ್ಟಿ ಮುಟ್ಟಿ ತೋರಸೂದು," ಅನ್ನುತ್ತಿದ್ದರು.

ಲಿಂಗಾಯತರ ಮನೆಯವರು, ಕೊರಳಲ್ಲಿ ಇಷ್ಟಲಿಂಗ. ಬೆಳ್ಳಿಯ ಕರಡಿಗೆ. ಒಂದು ವಿಮಾನ ನಿಲ್ದಾಣದಲ್ಲಿ ತಪಾಸಣೆಯ ಹುಡುಗಿ ಅದನ್ನು ನೋಡಿ, ಒಳಗೆ ಏನಿದೆ ಅಂತ ಕೇಳಿದಳಂತೆ. "ದೇವರು" ಅಂದರಂತೆ ಇವರು. ಅವಳಿಗೆ ಅರ್ಥವಾಗಿಲ್ಲ. ಬಿಚ್ಚಿ ಅಂಗೈಯಲ್ಲಿ ಇಟ್ಟು ತೋರಿಸಿದರು. ಆ ಹುಡುಗಿ ಮುಟ್ಟಲು ಕೈ ಚಾಚಿದವಳು, ಏನನ್ನಿಸಿತೋ, ಕೈ ಹಿಂದೆ ತೆಗೆದುಕೊಂಡು ತನ್ನ ಎದೆಯ ಮೇಲೆ ಇಟ್ಟುಕೊಂಡಳಂತೆ. "ಭಾಳ ಶಾಣ್ಯಾಕಿ," ಅಂತ ಅವಳನ್ನು ಹೊಗಳುತ್ತಿದ್ದರು ಅಕ್ಕೋರು, ತಮ್ಮ ಶಾಲೆಯ ಹುಡುಗಿಯನ್ನು ಹೊಗಳಿದ ಹಾಗೆ.

ಎಲ್ಲ ಸುಖದ್ದೇ ಅಲ್ಲ. ಒಂದು ದೊಡ್ಡ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಚೀಲ ಕಳುವಾಯಿತು. ಮೈಮೇಲಿನ ಬಟ್ಟೆ, ಸೊಂಟಕ್ಕೆ ಕಟ್ಟಿದ್ದ ಪಾಸ್‌ಪೋರ್ಟು, ಹೆಗಲ ಮೇಲಿದ್ದ ಆಯಿಯ ಕೌದಿ, ಇಷ್ಟೇ ಉಳಿದದ್ದು. ಇನ್ನೊಂದು ಕಡೆ ಜ್ವರ ಬಂದು ಮೂರು ವಾರ ಮಲಗಿದರು. ಮತ್ತೊಂದು ಗಡಿಯಲ್ಲಿ ಒಳಗೆ ಬಿಡದೆ ತಿರುಗಿ ಕಳಿಸಿದರು. "ಹೆದರಿಕಿ ಆಗಲಿಲ್ಲೇನ್ರಿ?" ಅಂದೆ.

"ಆಗದ ಏನು? ಬಸ್‌ಸ್ಟ್ಯಾಂಡಿನಾಗ ಕುಂತು ಅತ್ತೆ. ಅತ್ತು ಮುಗಿಸಿ, ನಳದಾಗ ಮುಖಾ ತೊಳಕೊಂಡು, ಕಾಯಿಪಲ್ಲೆ ಮಾರಾಕಿ ಒಬ್ಬಾಕಿ ಹಂತ್ಯಾಕ ಹೋಗಿ ನೀರು ಕೇಳಿದೆ. ನೀರು ಕೇಳಾಕ ನಾಚಬಾರದು ನೋಡು. ನೀರು ಕೊಟ್ಟಾಕಿ ಹೆಸರು ಕೇಳ್ತಾಳ. ಹೆಸರು ಕೇಳಿದಾಕಿ ಮನಿಗೆ ಕರ್ಕೊಂಡು ಹೋಗ್ತಾಳ."

ಹಾಗೇ ಆಗಿತ್ತು. ಅವಳ ಮನೆಯಲ್ಲಿ ಒಂದು ತಿಂಗಳು ಇದ್ದು ಬದನೆಕಾಯಿ ಮಾರಿದ್ದರು.

ಈಗ ಎಡವಟ್ಟಿಗೆ ಬರುತ್ತೇನೆ. ಪ್ರತಿ ಊರಿನಲ್ಲೂ ಹೊರಡುವ ಮುಂಚೆ ಅಕ್ಕೋರು ಒಂದು ಮಾತು ಕಲಿತುಕೊಳ್ಳುತ್ತಿದ್ದರು: 'ಬರ್ತೇನಿ' ಅನ್ನುವುದಕ್ಕೆ ನಿಮ್ಮಲ್ಲಿ ಏನನ್ನುತ್ತೀರಿ? ಅವರು ಹೇಳಿಕೊಡುತ್ತಿದ್ದರು. ಇವರು ಬಾಗಿಲಲ್ಲಿ ನಿಂತು, ಎರಡೂ ಕೈ ಹಿಡಿದು, ಶುದ್ಧವಾಗಿ ಅವರದೇ ಭಾಷೆಯಲ್ಲಿ ಅಂದು ಹೊರಡುತ್ತಿದ್ದರು. ಆ ಮಂದಿ ಅಳುತ್ತಿದ್ದರು, ತಬ್ಬಿಕೊಳ್ಳುತ್ತಿದ್ದರು. 'ಎಷ್ಟು ಮರ್ಯಾದಸ್ಥ ಮಂದಿ' ಅಂತ ಇವರು ಖುಷಿಪಡುತ್ತಿದ್ದರು.

ಮೊದಲ ಸುತ್ತು ಮುಗಿಸಿ ಬಂದ ಮರುವರ್ಷ ತಾಂಜಾನಿಯಾದ ಒಂದು ಹಳ್ಳಿಯಿಂದ ಫೋನಿನಲ್ಲಿ ಧ್ವನಿ ಸಂದೇಶ ಬಂತು. ಅಲ್ಲಿನ ಶಾಲೆಯ ಮಾಸ್ತರನ ಫೋನು. ಮಾತಾಡಿದವಳು ಅಕ್ಕೋರು ಉಳಿದಿದ್ದ ಮನೆಯ ಹೆಂಗಸು. ಆಮೇಲೆ ಮಾಸ್ತರ ಇಂಗ್ಲಿಷಿನಲ್ಲಿ ತಿಳಿಸಿ ಹೇಳಿದ್ದ. ಆವತ್ತು ನಾನು ಆ ಕೋಣೆಯಲ್ಲೇ ಇದ್ದೆ. ಸಾರಾಂಶ ಇಷ್ಟು: ನೀವು ಬರ್ತೇನೆ ಅಂದಿದ್ದಿರಿ. ನಿಮಗಾಗಿ ಅಂತ ಒಂದು ಕೋಳಿ ಸಾಕಿದ್ದಾಳೆ. ಮನೆಗೆ ನೆಂಟರು ಬಂದರೂ ಅದನ್ನು ಕೊಯ್ಯಲು ಬಿಟ್ಟಿಲ್ಲ. ಯಾವಾಗ ಬರುತ್ತೀರಿ?

ನನಗೆ ನಗು ತಡೆಯಲಾಗಲಿಲ್ಲ. "ಅಕ್ಕೋರ, ನೀವು ತತ್ತಿ ಸೈತ ಮುಟ್ಟೂದಿಲ್ಲ. ನಿಮಗ ಕೋಳಿ."

ಅಕ್ಕೋರು ನಗಲಿಲ್ಲ. ಆ ಧ್ವನಿಯನ್ನು ಮತ್ತೊಮ್ಮೆ ಹಚ್ಚಿ ಕೇಳಿದರು. ಆಮೇಲೆ, "ಆಕಿ ಖರೇನ ಅಂತ ತಿಳಕೊಂಡಾಳ," ಅಂದರು. ಫೋನು ಕೆಳಗಿಟ್ಟು, "ಎಷ್ಟು ಬಾಗಿಲದಾಗ ನಿಂತು ಅಂದು ಬಂದೀನಿ ನಾನು," ಅಂದರು. ಅವರ ಮುಖ ಆವತ್ತು ಟಿಬೆಟಿಯನ್ ಕ್ಯಾಂಪಿನಿಂದ ನಡೆದು ಬರುವಾಗ ಇದ್ದ ಹಾಗೆ ಇತ್ತು.

ತಾವು ಅಂದದ್ದು ಬರೀ ರೂಢಿಯ ಮಾತು ಅಂತ ತಿಳಿಸಿ ಹೇಳಬಹುದಿತ್ತು. ನಾನೂ ಹಾಗೇ ಅಂದೆ. ಅವರು ಒಪ್ಪಲಿಲ್ಲ. "ನಮ್ಮ ಮಂದಿಗೆ ರೂಢಿ. ಆ ಮಂದಿಗೆ ಮಾತು."

ಆಮೇಲಿನ ಅವರ ತಿರುಗಾಟವೆಲ್ಲ ಈ ಮಾತು ಉಳಿಸಿಕೊಳ್ಳುವುದಕ್ಕೇ. ಊರು ಸುತ್ತುವವರು ಹೊಸ ಊರಿಗೆ ಹೋಗುತ್ತಾರೆ. ಇವರು ಹಳೆ ಊರುಗಳಿಗೇ ಹೊರಟರು. ಅಲ್ಲಿ ಇಲ್ಲಿ ಬೇರೆ ಜಾಗ ನೋಡಬಾರದೇ ಅಂದರೆ, "ಹೊಸಾ ಊರಿಗೆ ಹೋದ್ರ ಮತ್ತ ಅಲ್ಲಿ ಬರ್ತೇನಿ ಅನಬೇಕಾಗ್ತತಿ, ಸಾಕು ಮಾಡವಾ," ಅಂತ ಕೈ ಮುಗಿದರು. ಬದನೆಕಾಯಿಯವಳ ಮನೆಗೆ ಹೋಗಿ ಬಂದರು. ಜ್ವರದಲ್ಲಿ ನೋಡಿಕೊಂಡವರ ಮನೆಗೆ ಹೋಗಿ ಬಂದರು. ಅಲ್ಲಿ ಅಜ್ಜ ತೀರಿಕೊಂಡಿದ್ದ, ಗೋರಿಗೆ ಹೋಗಿ "ಬಂದೀನ್ರಿ" ಅಂದು ಬಂದರು.

ತಾಂಜಾನಿಯಾಕ್ಕೆ ಎಲ್ಲಕ್ಕಿಂತ ಮೊದಲು ಹೋದರು. ಬಂದ ಮೇಲೆ ನಾನು ಬಹಳ ದಿನದಿಂದ ಒಳಗಿಟ್ಟುಕೊಂಡಿದ್ದನ್ನು ಕೇಳಿದೆ. "ಅಕ್ಕೋರ, ಅಲ್ಲಿ ಮಂದಿ ನಮ್ಮಂಗ ಅದಾರೇನ್ರಿ?"

ಅವರು ಸುಳ್ಳು ಹೇಳುವವರಲ್ಲ. "ಕೂದಲಾ ನಿನ್ನಂಗ. ದನಿ ನಿಮ್ಮ ಆಯಿದರಂಗ. ಆದರ ನೀ ಅಲ್ಲಿ ಹೋದ್ರ ಅವರಿಗೆ ನೀ ಮುಂಡಗೋಡದಾಕಿನ." ಆಮೇಲೆ ನಕ್ಕರು. "ಅಲ್ಲಿ ಬ್ಯಾರೆ ಕಾಣಾಕಿ ನಾನು. ಒಬ್ಬ ಹುಡುಗಿ ನನ್ನ ನೆಟ್ಟನ ಕೂದಲಾ ನೋಡಿ ನೋಡಿ, ಕಡೀಕ ಮುಟ್ಟಲೇನು ಅಂತ ಕೇಳಿದಳು. ಕೇಳಿ ಮುಟ್ಟಿದಳು ನೋಡವಾ. ಯಾರ ಕಲಿಸಿದ್ರೋ ಆಕಿಗೆ."

ಕೋಳಿಯ ಗತಿ ಏನಾಯಿತು ಅಂದೆ. ಅಕ್ಕೋರು ತಾವು ತಿನ್ನುವುದಿಲ್ಲ ಅಂತ ಕೈಬಾಯಿ ಮಾಡಿ ತಿಳಿಸಿದ ಮೇಲೆ ಆ ಹೆಂಗಸು ಹಣೆ ಹಣೆ ಬಡಿದುಕೊಂಡು ನಕ್ಕಳಂತೆ. ಹೆಸರಿಟ್ಟು ಸಾಕಿದ ಕೋಳಿಯನ್ನು ಕೊಯ್ಯಲು ಯಾರಿಗೂ ಮನಸ್ಸಾಗಲಿಲ್ಲ. ಅಕ್ಕೋರ ಹೆಸರನ್ನೇ ಅದಕ್ಕೆ ಇಟ್ಟಿದ್ದರು.

ಹೊಗಳಿಕೆಯಷ್ಟೇ ಬರೆದರೆ ಅವರಿಗೇ ಸೇರುವುದಿಲ್ಲ. ತಮ್ಮನ ಮಗಳ ಮದುವೆಗೆ ಬರ್ತೇನಿ ಅಂತ ಫೋನಿನಲ್ಲಿ ಹೇಳಿದವರು ಬರಲಿಲ್ಲ. ಯಾವುದೋ ದ್ವೀಪದಲ್ಲಿ ಹಡಗು ತಪ್ಪಿತ್ತು. ವೈನಿ ಅದನ್ನು ಮರೆಯಲಿಲ್ಲ. ಒಮ್ಮೆ ನನ್ನೆದುರಿಗೇ ರೊಟ್ಟಿ ಬಡಿಯುತ್ತ ಅಂದರು: "ಜಗತ್ತಿನ ಮಂದಿಗೆಲ್ಲಾ ಬರ್ತೇನಿ ಅಂದು ಹುಡುಕ್ಯಾಡಿ ಹೋಗಿ ಬಂದ್ರಿ. ನಮ್ಮ ಮನಿ ಹುಡುಗಿ ಅಕ್ಕಿಕಾಳು ಬೀಳುಮಟ ಬಾಗಿಲಾ ನೋಡಿದಳು." ಹಿಟ್ಟು ನಾದಿ ಕೊಡುತ್ತಿದ್ದ ಅಕ್ಕೋರು ಕೈ ನಿಲ್ಲಿಸಿ ಮತ್ತೆ ನಾದಿದರು.

ಕಡೆಗೆ ಉಳಿದದ್ದು ಒಂದೇ ಬಾಗಿಲು. ಆರ್ಮೇನಿಯಾ ದೇಶದ ಒಂದು ಗುಡ್ಡದ ಹಳ್ಳಿ, ಅಲ್ಲೊಬ್ಬ ಅಜ್ಜಿ. ಅಲ್ಲಿ ಅಜ್ಜಿಗೆ 'ತಾತಿಕ್' ಅನ್ನುತ್ತಾರಂತೆ. "ಬೆಂಗಳೂರು ಕಡೆ ಅಜ್ಜಗ ತಾತಾ ಅಂತಾರ, ಇವರು ಅಜ್ಜಿಗೇ ತಾತಿಕ್ ಅಂತಾರ," ಅಂತ ಪ್ರತಿಸಲ ನಗುತ್ತಿದ್ದರು. ಆ ಮನೆಯಲ್ಲಿ ಒಂದು ಚಳಿಗಾಲ ಪೂರ್ತಿ ಇದ್ದರು. ಅಲ್ಲಿನವರು ನೆಲದಲ್ಲಿ ಹೂತ ಒಲೆಯ ಗೋಡೆಗೆ ತೆಳ್ಳನೆ ರೊಟ್ಟಿ ಬಡಿದು ಅಂಟಿಸುತ್ತಾರೆ. ಒಣಗಿಸಿ ಒಂದರ ಮೇಲೊಂದು ಒಟ್ಟಿ ಚಳಿಗಾಲಕ್ಕೆ ಇಟ್ಟುಕೊಳ್ಳುತ್ತಾರೆ. "ನಮ್ಮ ಖಡಕ್ ರೊಟ್ಟಿನ ಅದು. ನಾ ಕೈ ಹಚ್ಚಿದ ಕೂಡ್ಲೆ ತಾತಿಕ್ ನನ್ನ ಮುಖಾ ನೋಡಿದಳು, ನೀ ಯಾರ ಮನಿ ಮಗಳು ಅನ್ನೂಹಂಗ." ಬೆಳಗ್ಗೆ ಅಕ್ಕೋರು ಲಿಂಗಪೂಜೆಗೆ ಕೂತರೆ ತಾತಿಕ್ ತಾನು ಶಿಲುಬೆಯ ಗುರುತು ಮಾಡಿಕೊಂಡು, ಮೊಮ್ಮಗನನ್ನು ಸುಮ್ಮನಿರಿಸಿ, ಪಕ್ಕದಲ್ಲಿ ಒಂದು ಮೇಣದಬತ್ತಿ ಹಚ್ಚಿಟ್ಟು ಹೋಗುತ್ತಿದ್ದಳಂತೆ.

ಅಲ್ಲಿಂದ ಹೊರಡುವಾಗ ಅಕ್ಕೋರು ಅವರ ಭಾಷೆಯಲ್ಲಿ ಬರ್ತೇನಿ ಅಂದಿದ್ದರು. ತಾತಿಕ್ ಕೈ ಬಿಡಲಿಲ್ಲ. ಯಾವಾಗ ಅಂತ ಕೇಳಿದಳು. ಅಂಗಳದ ಜರ್ದಾಳು ಗಿಡ, ಅಂದರೆ ಏಪ್ರಿಕಾಟ್ ಗಿಡ ತೋರಿಸಿ, ಅದು ಹಣ್ಣಾದಾಗ ಅಂದಿದ್ದರು ಇವರು. ಯಾವ ವರ್ಷ ಅಂತ ಹೇಳಿರಲಿಲ್ಲ. ಹಾಗಾಗಿ ತಾತಿಕ್ ಪ್ರತಿ ವರ್ಷವೂ ಕಾದಳು. ಇವರು ಹೊರಡಬೇಕು ಅನ್ನುವಾಗ ಕರೋನಾ ಬಂತು. ಅದು ಮುಗಿಯಿತು ಅನ್ನುವಾಗ ಎದೆಯ ಕಾಯಿಲೆ ಬಂತು. ಡಾಕ್ಟರು ವಿಮಾನ ಬೇಡ ಅಂದರು. ಮನೆಯ ಮೆಟ್ಟಿಲು ಹತ್ತುವುದೇ ಕಷ್ಟವಾಗಿತ್ತು. ವಿಡಿಯೊ ಕಾಲಿನಲ್ಲಿ ಮಾತಾಡುತ್ತಿದ್ದರು. ತಾತಿಕ್ ಫೋನನ್ನು ತಿರುಗಿಸಿ ಹಿಂದೆ ನೋಡುತ್ತಿದ್ದಳಂತೆ, ಇವರು ಅಲ್ಲೆಲ್ಲೋ ಕೂತಿರಬೇಕು ಅಂತ. "ಮಾರಿ ತೋರಿಸಿದ್ರ ಬಂದಂಗ ಅಲ್ಲ," ಅಂದರು ಅಕ್ಕೋರು ಫೋನು ಇಟ್ಟು.

ಆಗ ನಾನು ಎಂ.ಎ. ಕೂಡ ಮುಗಿಸಿ ಜೋಯಿಡಾದ ಪಿಯು ಕಾಲೇಜಿನಲ್ಲಿ ಉಪನ್ಯಾಸಕಿ. ದಸರಾ ರಜೆ ಬಿಟ್ಟ ಕೂಡಲೇ ಹಳಿಯಾಳಕ್ಕೆ ಹೋಗಿದ್ದೆ. ಅಕ್ಕೋರು ದಿಂಬಿಗೆ ಒರಗಿ ಕೂತಿದ್ದರು. ವೈನಿ ಚಹಾ ತಂದಿಟ್ಟರು.

"ನೀ ಹೋಗಿ ಬಾ," ಅಂದರು.

"ಎಲ್ಲಿಗ್ರಿ?"

"ತಾತಿಕ್ ಮನಿಗೆ."

ನಾನು ಗೋವಾ ದಾಟಿದವಳಲ್ಲ. ವಿಮಾನವನ್ನು ಕೆಳಗಿನಿಂದ ನೋಡಿದವಳು. ನಾನು ಹೋದರೆ ನೀವು ಹೋದ ಹಾಗೆ ಹೇಗಾಗುತ್ತದೆ ಅಂದೆ.

"ನಮ್ಮಲ್ಲಿ ಲಗ್ನಕ್ಕ, ಕಾರ್ಯಕ್ಕ ಏನಂತಾರ? ಮನಿಗೊಬ್ಬರು ಬರ್ರಿ ಅಂತಾರ. ಮನ್ಯಾಗಿಂದ ಒಬ್ಬರು ಹೋದ್ರ ಮನಿ ಹೋದಂಗ. ನೀ ನಮ್ಮನಿ ಮಂದಿ."

ನಾನು ವೈನಿಯ ಮುಖ ನೋಡಿದೆ. ಅವರು ಕಪ್ಪು ಎತ್ತಿಕೊಳ್ಳುತ್ತ, "ಹೂಂ ಮತ್ತ. ರೊಟ್ಟಿ ನಾ ಮಾಡಿಕೊಡ್ತೇನಿ," ಅಂದರು. ಇಂಥ ಮಾತನ್ನು ನಮ್ಮ ಕೇರಿಯವರಿಗೆ ಪೇಟೆಯ ಮನೆಗಳಲ್ಲಿ ಸಲೀಸಾಗಿ ಅಂದವರಿಲ್ಲ. ಪದವಿ ಬಂದ ದಿನಕ್ಕಿಂತ ಆವತ್ತು ನನಗೆ ಹೆಚ್ಚು ಹಿಗ್ಗಾಯಿತು. ಒಲ್ಲೆ ಅನ್ನಲು ಕಲಿಸಿದವರಿಗೇ ಒಲ್ಲೆ ಅನ್ನಲಾಗಲಿಲ್ಲ.

ನನ್ನ ಗಂಡ ದಾಂಡೇಲಿಯಲ್ಲಿ ಜೀಪು ಓಡಿಸುತ್ತಾನೆ. "ಆರ್ಮೇನಿಯಾ ಎಲ್ಲಿ ಬರ್ತತಿ? ನನಗ ನಮ್ಮ ಜೋಯಿಡಾ ಕಡೆ ರಾಮನಗರದ ಆಚೆ ಗೊತ್ತಿಲ್ಲ," ಅಂದ. ಕೇರಿಯವರು ಆಫ್ರಿಕಾಕ್ಕೆ ಹೊಂಟಿಯೇನು ಅಂದರು. ಅಲ್ಲ ಅಂದರೆ, ಮತ್ತೆ ಯಾಕೆ ಅಷ್ಟು ದೂರ ಅಂದರು. ಪಾಸ್‌ಪೋರ್ಟು, ವೀಸಾ ಆಗುವಷ್ಟರಲ್ಲಿ ಬೇಸಿಗೆ ರಜೆ ಬಂತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಪಕ್ಕದಲ್ಲಿ ಕೂತ ಹೆಂಗಸು ಇಂಗ್ಲಿಷಿನಲ್ಲಿ ನಿಮ್ಮದು ಯಾವ ದೇಶ ಅಂತ ಕೇಳಿದಳು. "ಮುಂಡಗೋಡ್ರಿ," ಅಂದೆ. ಆಮೇಲೆ ಅವಳು ಹೊರಡುವವರೆಗೂ ಮಾತೇ ಆಡಲಿಲ್ಲ ಪಾಪ. ವಿಮಾನ ಏರುವಾಗ ಕಣ್ಣು ಮುಚ್ಚಿಕೊಂಡು ಸೀಟಿನ ಹಿಡಿ ಹಿಡಿದುಕೊಂಡವಳು ಇಳಿದ ಮೇಲೇ ಬಿಟ್ಟದ್ದು. ಆ ದೇಶದ ರಾಜಧಾನಿಯಲ್ಲಿ ಟೆಂಪೊ ಹತ್ತುವ ಜಾಗ ಸಿಗದೆ ಅಲೆದು ಅಲೆದು, ಕಡೆಗೆ ಒಂದು ಅಂಗಡಿಯವಳ ಹತ್ತಿರ ಹೋಗಿ ನೀರು ಕೇಳಿದೆ. ಅವಳು ನೀರು ಕೊಟ್ಟು ಹೆಸರು ಕೇಳಿದಳು. ನನಗೆ ಅಲ್ಲೇ ನಿಂತು ಅಳು ಬಂತು.

ಹಳ್ಳಿಯಲ್ಲಿ ಟೆಂಪೊ ನಿಂತಾಗ ತಾತಿಕ್ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಕೂತಿದ್ದಳು. ಅಂಗಳದ ಗಿಡದ ತುಂಬ ಹಣ್ಣು. ನಾನು ಇಳಿದೆ. ಅವಳು ನನ್ನ ಹಿಂದೆ ನೋಡಿದಳು. ಬಾಗಿಲು ಮುಚ್ಚಿ ಟೆಂಪೊ ಹೋದ ಮೇಲೂ ಅದು ಹೋದ ದಾರಿ ನೋಡಿದಳು. ಮೊಮ್ಮಗ ಈಗ ದೊಡ್ಡವನು, ಇಂಗ್ಲಿಷ್ ಬಲ್ಲವನು. ಅಕ್ಕೋರಿಗೆ ಬರಲಾಗದು, ಇವರನ್ನು ಕಳಿಸಿದ್ದಾರೆ ಅಂತ ಮೊದಲೇ ಹೇಳಿದ್ದ. ಹೇಳಿದ್ದು ಬೇರೆ, ಕಾಯುವ ಕಣ್ಣು ಬೇರೆ. ನನಗೆ ಏನು ಮಾಡಬೇಕೋ ತಿಳಿಯದೆ ಚೀಲ ಬಿಚ್ಚಿ ವೈನಿಯ ರೊಟ್ಟಿ ಗಂಟನ್ನು ಅವಳ ಮಡಿಲಲ್ಲಿ ಇಟ್ಟೆ.

ಅವಳು ಬಟ್ಟೆ ಬಿಚ್ಚಿದಳು. ಒಂದು ರೊಟ್ಟಿ ಎತ್ತಿ ಬೆರಳಿಂದ ತಟ್ಟಿ ಸದ್ದು ಕೇಳಿದಳು. ಎದ್ದು ಒಳಗೆ ಹೋಗಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟಳು. ಖಡಕ್ ರೊಟ್ಟಿ ಮೆತ್ತಗಾಗಲು ನಮ್ಮಲ್ಲೂ ಹಾಗೇ ಮಾಡುವುದು. ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ. ಆಮೇಲೆ ನನ್ನ ಕೈ ಹಿಡಿದು ಒಳಗಿನ ಕೋಣೆಗೆ ಕರೆದೊಯ್ದಳು. ಮಂಚ ಹಾಸಿತ್ತು. ಮೇಲೆ ನಮ್ಮ ಆಯಿಯ ಕೌದಿ. ಬಿಟ್ಟು ಹೋದರೆ ಬರಲೇಬೇಕಾಗುತ್ತದೆ ಅಂತ ಅಕ್ಕೋರು ಅಲ್ಲಿ ಬಿಟ್ಟು ಬಂದದ್ದು ನನಗೆ ಗೊತ್ತಿರಲಿಲ್ಲ. ನಾಲ್ಕು ಮೂಲೆಯ ಹೂಗಳೂ ಗಟ್ಟಿಯಾಗಿದ್ದವು. ಆ ಕೌದಿ ಹೊಲಿದವಳ ಮಗಳು ನಾನು ಅಂತ ಮೊಮ್ಮಗನ ಕೈಲಿ ಹೇಳಿಸಿದೆ. ತಾತಿಕ್ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಆಮೇಲೆ ದಾರಿಯ ಕಡೆ ನೋಡಲಿಲ್ಲ.

ಬೇಸಿಗೆ ರಜೆಗೆ ಜೂನಿನ ಕೆಲವು ದಿನ ಸೇರಿಸಿಕೊಂಡಿದ್ದೆ, ಅದು ಮುಗಿಯುವವರೆಗೆ ಇದ್ದೆ. ಹಣ್ಣು ಬಿಡಿಸಿದೆ, ಒಣಗಿಸಿದೆ, ರೊಟ್ಟಿ ಸುಡಲು ಹೋಗಿ ಕೈ ಸುಟ್ಟುಕೊಂಡು ಬೈಸಿಕೊಂಡೆ. ಕೌದಿ ತೆಗೆದುಕೊಂಡು ಹೋಗಲೇ ಅಂದರೆ ಕೊಡಲಿಲ್ಲ. ಹೊರಡುವ ದಿನ ಗೇಟಿನ ಹತ್ತಿರ ನಿಂತೆವು. ನಾನು ಮೊದಲೇ ನಿರ್ಧರಿಸಿದ್ದೆ: ಕೈ ಮುಗಿದು ಸುಮ್ಮನೆ ಹತ್ತಿಬಿಡಬೇಕು, ಮಾತು ಆಡಬಾರದು. ತಾತಿಕ್ ಕೈ ಬಿಡಲಿಲ್ಲ. ಮುಖ ನನ್ನ ಹತ್ತಿರ ತಂದು, ಹಲ್ಲಿಲ್ಲದ ಬಾಯಲ್ಲಿ ಒಂದೊಂದೇ ಅಕ್ಷರ ಬಿಡಿಸಿ ಅಂದಳು: "ಬರ್-ತೇ-ನಿ."

ಅಕ್ಕೋರು ಅದರ ಕನ್ನಡವನ್ನೂ ಅವಳಿಗೆ ಕಲಿಸಿ ಬಂದಿದ್ದರು. ಟೆಂಪೊದವ ಹಾರ್ನು ಬಾರಿಸಿದ.

ಹಳಿಯಾಳಕ್ಕೆ ಬಂದು ಎಲ್ಲ ಹೇಳಿದೆ. ಒಣಗಿಸಿದ ಜರ್ದಾಳು ಅವರ ಅಂಗೈಗೆ ಹಾಕಿದೆ. ಅವರು ತಿನ್ನಲಿಲ್ಲ, ಮೂಸಿ ನೋಡಿ ಕೈಯಲ್ಲೇ ಇಟ್ಟುಕೊಂಡರು. ವಿಮಾನದ್ದು, ದಾರಿಯದ್ದು ಏನೂ ಕೇಳಲಿಲ್ಲ. ಒಂದೇ ಒಂದು ಕೇಳಿದರು.

"ಹೊಂಡುಮುಂದ ಏನಂದಿ?"

"ಬರ್ತೇನಿ ಅಂದೆ ರೀ."

ಅಕ್ಕೋರು ಆ ಸೋತ ಎದೆಯಿಂದಲೇ ಜೋರಾಗಿ ನಕ್ಕರು. ವೈನಿ ಒಳಗಿನಿಂದ ಓಡಿ ಬಂದರು ಏನಾಯಿತೋ ಅಂತ.

"ಸಿಕ್ಕಿಬಿದ್ದಿ ನೋಡು," ಅಂದರು ಅಕ್ಕೋರು.

ಅದಾಗಿ ಮಳೆಗಾಲ ಮುಗಿಯುವಷ್ಟರಲ್ಲಿ ಹೋದರು. ತಾತಿಕ್‌ಳ ಮೊಮ್ಮಗನಿಗೆ ಫೋನಿನಲ್ಲಿ ತಿಳಿಸಿದೆ. ಅವನು, ಅಜ್ಜಿಗೆ ನಾನು ಹೇಳುವುದಿಲ್ಲ, ನೀವು ಬರ್ತೀರಲ್ಲ, ಬಂದೇ ಹೇಳಿ ಅಂದ. ಈ ಬೇಸಿಗೆ ರಜೆಗೆ ಹೊರಡಬೇಕು. ವೈನಿ ಈಗಲೇ ಜೋಳ ಬೇರೆ ತೆಗೆದಿಟ್ಟಿದ್ದಾರೆ.

ಒಂದೇ ಒಂದು ನನಗೆ ಬಗೆಹರಿದಿಲ್ಲ. ನಾನು ಸುದ್ದಿ ಹೇಳಿದ ಗಳಿಗೆಗೆ ಅದು ಸಾವಿನ ಮನೆಯಾಗುತ್ತದೆ. ಅಂಥ ಮನೆಯಿಂದ ಹೇಳದೆ ಹೊರಡಬೇಕು. ಆದರೆ ನಾನು ಬರ್ತೇನಿ ಅನ್ನದೆ ಆ ಮುದುಕಿ ಗೇಟಿನ ಹತ್ತಿರ ನಿಂತು ಕೈ ಬಿಡಬೇಕಲ್ಲ.